ಪ್ರಾಸ್ಟೇಟ್ ಕ್ಯಾನ್ಸರ್: ಕೊಲೆಸ್ಟ್ರಾಲ್ ಒಳಗೆ ತರುವುದು ಎಲ್‌ಡಿಎಲ್ ರಿಸೆಪ್ಟರೋ, ಎಸ್‌ಆರ್-ಬಿ1ಓ?

ಹೊಸಪೈಪೆಟ್ (ಪ್ರಶ್ನೆ)

ಪ್ರಾಸ್ಟೇಟ್ ಕ್ಯಾನ್ಸರ್ ಕೋಶಕ್ಕೆ ಹೊರಗಿನಿಂದ ಕೊಲೆಸ್ಟ್ರಾಲ್ ಬರುವ ಎರಡು ದಾರಿಗಳನ್ನು ಹೋಲಿಸಲು ಒಂದು ಪ್ರಯೋಗದ ಯೋಜನೆ ಬರೆಯುತ್ತಿದ್ದೇನೆ. ಒಂದು ದಾರಿ ಎಲ್‌ಡಿಎಲ್ ರಿಸೆಪ್ಟರ್, ಅಂದರೆ ಎಲ್‌ಡಿಎಲ್‌ಆರ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣವನ್ನು ಹಿಡಿಯುವ, ಕೋಶದ ಮೇಲ್ಮೈಯ ಪ್ರೋಟೀನು). ಇನ್ನೊಂದು, ಅಂಥದ್ದೇ ಮತ್ತೊಂದು ಕಣವಾದ ಎಚ್‌ಡಿಎಲ್ ಹಿಡಿಯುವ ಎಸ್‌ಆರ್-ಬಿ1 ರಿಸೆಪ್ಟರ್. ಆಂಡ್ರೋಜನ್ (ಟೆಸ್ಟೋಸ್ಟೆರಾನ್‌ನಂಥ ಗಂಡು ಹಾರ್ಮೋನು) ಇದ್ದರೆ ಮಾತ್ರ ಬೆಳೆಯುತ್ತಿದ್ದ ಗೆಡ್ಡೆ, ಅದನ್ನು ಕಿತ್ತುಕೊಂಡ ಮೇಲೂ ಬೆಳೆಯಲು ಕಲಿಯುವಾಗ ಯಾವ ದಾರಿ ಹೆಚ್ಚು ತೆರೆದಿರುತ್ತದೆ ಅನ್ನುವುದು ಮುಖ್ಯ ಪ್ರಶ್ನೆ. ಎಲ್‌ಎನ್‌ಕ್ಯಾಪ್, ಅದರಿಂದಲೇ ಬಂದ ಸಿ4-2, ಮತ್ತು ಪಿಸಿ-3 ಈ ಮೂರು ಕೋಶಸಾಲುಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳ ವಂಶ) ಬಳಸುವ ಅಂದಾಜಿದೆ.

ಓದಿದಷ್ಟೂ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಿದೆ. ಪಿಸಿ-3ಯಲ್ಲಿ ಎಲ್‌ಡಿಎಲ್‌ಆರ್‌ಗೆ ಕಡಿವಾಣವೇ ಇಲ್ಲ (ಕೊಲೆಸ್ಟ್ರಾಲ್ ತುಂಬಿದರೂ ಅದು ಇಳಿಯುವುದಿಲ್ಲ) ಎಂದು 2001ರ ಕೆಲಸ ಹೇಳುತ್ತದೆ. ಪಿ-ಟೆನ್ (ಗೆಡ್ಡೆ ತಡೆಯುವ ಜೀನು) ಕಳೆದುಕೊಂಡ ಕೋಶ ಎಲ್‌ಡಿಎಲ್ ಎಳೆದುಕೊಂಡು ಕೊಲೆಸ್ಟ್ರಾಲ್ ಎಸ್ಟರ್ (ಕೊಬ್ಬಿನಾಮ್ಲ ಬೆಸೆದ ಸಂಗ್ರಹ ರೂಪ) ಆಗಿ ಕೂಡಿಡುತ್ತದೆ ಎಂದು 2014ರದ್ದು. ಮಾರಕವಾದ ಗೆಡ್ಡೆಗಳಲ್ಲಿ ಎಲ್‌ಡಿಎಲ್‌ಆರ್ ಕಡಿಮೆ ಇರುತ್ತದೆ ಎಂದು 2017ರದ್ದು. ಎಸ್‌ಆರ್-ಬಿ1 ವಿಷಯದಲ್ಲೂ ಇದೇ ಪಾಡು: 2015 ಮತ್ತು 2019ರಲ್ಲಿ ಅದೇ ಕಳ್ಳ ಎಂದರು, ನಡುವೆ 2017ರ ಅದೇ ಅಧ್ಯಯನದಲ್ಲಿ ಅದಕ್ಕೂ ಗ್ಲೀಸನ್ ದರ್ಜೆಗೂ (ಗೆಡ್ಡೆಯ ಉಗ್ರತೆಯ ಅಳತೆ) ನಂಟೇ ಕಾಣಲಿಲ್ಲ.

ಈ ವಿರೋಧಾಭಾಸವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಬ್ಯಾಂಡ್ ಆಗಿ ತೋರಿಸುವ ವಿಧಾನ) ಮತ್ತು ಎಸ್‌ಐಆರ್‌ಎನ್‌ಎ (ಆಯ್ದ ಜೀನನ್ನು ತಗ್ಗಿಸುವ ಆರ್‌ಎನ್‌ಎ ತುಣುಕು) ಎರಡರಿಂದಲೇ ತೀರ್ಮಾನಕ್ಕೆ ಬರಬಹುದಾ? ಮೀಡಿಯಂಗೆ (ಕೋಶ ಬೆಳೆಸುವ ದ್ರವ) ಇದ್ದಿಲಿನಿಂದ ಶೋಧಿಸಿದ ಸೀರಂ ಸಾಕಾ?

ಲಿಪಿಡ್‌ಲೆಕ್ಕಿಗ

ಎರಡೂ ರಿಸೆಪ್ಟರ್ ಎಂಬ ಹೆಸರಿದೆ ಅಂತ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕೆಲಸದ ರೀತಿಯೇ ಬೇರೆ.

ಎಲ್‌ಡಿಎಲ್‌ಆರ್ ಇಡೀ ಕಣವನ್ನು ನುಂಗುತ್ತದೆ. ಕ್ಲಾಥ್ರಿನ್ ಹೊದಿಕೆಯ ಗುಳಿಯಲ್ಲಿ ಕಣ ಹಿಡಿದು ಒಳಗೆ ಹೋಗುತ್ತದೆ, ಎಂಡೋಸೋಮಿನ ಆಮ್ಲತೆಯಲ್ಲಿ ಕೈಬಿಡುತ್ತದೆ, ಸುಮಾರು 10 ನಿಮಿಷದಲ್ಲಿ ಖಾಲಿ ಕೈಯಲ್ಲಿ ಮೇಲ್ಮೈಗೆ ವಾಪಸ್ ಬರುತ್ತದೆ. ಕಣ ಮಾತ್ರ ಲೈಸೋಸೋಮಿಗೆ ಹೋಗಿ ಅಲ್ಲಿ ಎಸ್ಟರ್ ಮುರಿದು, ಎನ್‌ಪಿಸಿ2 ಮತ್ತು ಎನ್‌ಪಿಸಿ1 ಪ್ರೋಟೀನುಗಳ ಕೈ ದಾಟಿ ಕೊಲೆಸ್ಟ್ರಾಲ್ ಹೊರಬರುತ್ತದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರ ನೊಬೆಲ್ ಬಂದದ್ದು ಕೊಲೆಸ್ಟ್ರಾಲಿನ ಈ ನಿಯಂತ್ರಣವನ್ನು ಬಿಡಿಸಿ ತೋರಿಸಿದ್ದಕ್ಕೇ. ಎಸ್‌ಆರ್-ಬಿ1 ಹಾಗಲ್ಲ. ಅದು ಎಚ್‌ಡಿಎಲ್ ಕಣವನ್ನು ನುಂಗುವುದಿಲ್ಲ. ಕಣ ಹೊರಗೇ ನಿಂತಿರುತ್ತದೆ, ಒಳಗಿನ ಎಸ್ಟರ್ ಮಾತ್ರ ರಿಸೆಪ್ಟರಿನ ಜಿಡ್ಡುಸ್ನೇಹಿ ಸುರಂಗದ ಮೂಲಕ ಪೊರೆಗೆ ಜಾರುತ್ತದೆ. ಲೈಸೋಸೋಮಿನ ಸುತ್ತುದಾರಿ ಇಲ್ಲ. ಅಡ್ರಿನಲ್, ಅಂಡಾಶಯ, ವೃಷಣಗಳಂಥ ಸ್ಟೀರಾಯ್ಡ್ ತಯಾರಿಸುವ ಅಂಗಗಳಲ್ಲಿ ಎಸ್‌ಆರ್-ಬಿ1 ತುಂಬಿರುತ್ತದೆ. ಪ್ರಾಸ್ಟೇಟಿನವರ ಕಣ್ಣು ಇದರ ಮೇಲೆ ಬಿದ್ದದ್ದಕ್ಕೆ ಅದೇ ಕಾರಣ.

ಮರೆಯಬಾರದ ಇನ್ನೊಂದು ಗುಣವಿದೆ. ಎಸ್‌ಆರ್-ಬಿ1 ಇಬ್ಬದಿಯ ಬಾಗಿಲು. ಕೋಶದಲ್ಲಿ ಮುಕ್ತ ಕೊಲೆಸ್ಟ್ರಾಲ್ ಹೆಚ್ಚಿ ಹೊರಗೆ ಎಚ್‌ಡಿಎಲ್ ಸಿಕ್ಕರೆ ಹರಿವು ಹೊರಮುಖವೂ ಆಗಬಹುದು. ಆದ್ದರಿಂದ ಬ್ಯಾಂಡ್ ದಪ್ಪ ಆಯಿತು, ಹಾಗಾಗಿ ಕೊಲೆಸ್ಟ್ರಾಲ್ ಒಳಗೆ ಬಂತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ವಿರೋಧಾಭಾಸಕ್ಕೆ ಬರೋಣ. ಮಾಮೂಲಿ ಕೋಶದಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಪೊರೆಯ ಕೊಲೆಸ್ಟ್ರಾಲ್ ಅಲ್ಲಿನ ಲಿಪಿಡ್ಡಿನ ಸುಮಾರು 5 ಮೋಲ್ ಶೇಕಡಕ್ಕಿಂತ ಇಳಿದರೆ ಸ್ಕ್ಯಾಪ್ ಪ್ರೋಟೀನು ಎಸ್‌ಆರ್‌ಇಬಿಪಿ2 ಎಂಬ ಜೀನು ಎಬ್ಬಿಸುವ ಪ್ರೋಟೀನನ್ನು ಗಾಲ್ಜಿಗೆ ಒಯ್ಯುತ್ತದೆ. ಅಲ್ಲಿ ಅದು ಕತ್ತರಿಸಿಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ ಎಲ್‌ಡಿಎಲ್‌ಆರ್ ಮತ್ತು ಕೊಲೆಸ್ಟ್ರಾಲ್ ತಯಾರಿಯ ಕಿಣ್ವಗಳ ಜೀನುಗಳನ್ನು ಎಬ್ಬಿಸುತ್ತದೆ. ಕೊಲೆಸ್ಟ್ರಾಲ್ ತುಂಬಿದರೆ ಎಲ್ಲವೂ ಮಲಗುತ್ತವೆ. ಕ್ಯಾನ್ಸರ್ ಕೋಶ ಈ ಕಡಿವಾಣದಿಂದ ನುಣುಚಿಕೊಳ್ಳುವ ದಾರಿಗಳು ಒಂದೆರಡಲ್ಲ. ಪಿ-ಟೆನ್ ಹೋದರೆ ಪಿಐ3ಕೆ–ಎಕೆಟಿ ಎಂಬ ಬೆಳವಣಿಗೆಯ ಸಂಕೇತ ಏರಿ ಎಸ್‌ಆರ್‌ಇಬಿಪಿಯನ್ನು ಎಬ್ಬಿಸಿಯೇ ಇಡುತ್ತದೆ. ಒಳಬಂದ ಕೊಲೆಸ್ಟ್ರಾಲನ್ನು ಎಸ್‌ಒಎಟಿ1 ಕಿಣ್ವ ಎಸ್ಟರ್ ಮಾಡಿ ಕೊಬ್ಬಿನ ಹನಿಯಲ್ಲಿ ಬಚ್ಚಿಟ್ಟರೆ, ರೆಟಿಕ್ಯುಲಮ್ಮಿಗೆ ಕೋಶ ಖಾಲಿ ಇದ್ದಂತೆ ತೋರುತ್ತದೆ, ಬಾಗಿಲು ಮುಚ್ಚುವುದಿಲ್ಲ. 2014ರ ಕೆಲಸದಲ್ಲಿ ರಾಮನ್ ಸೂಕ್ಷ್ಮದರ್ಶಕದಡಿ ಕಂಡದ್ದು ಇದೇ ಸಂಗ್ರಹ. ಹೆಚ್ಚಿನ ದರ್ಜೆಯ ಮತ್ತು ಹರಡಿದ ಗೆಡ್ಡೆಗಳಲ್ಲಿ ಎಸ್ಟರ್ ತುಂಬಿದ ಹನಿಗಳಿದ್ದವು, ಸಹಜ ಅಂಗಾಂಶದಲ್ಲೂ ಕ್ಯಾನ್ಸರಲ್ಲದ ಊತದಲ್ಲೂ ಇರಲಿಲ್ಲ.

ಎಲ್‌ಡಿಎಲ್‌ಆರ್‌ಗೆ ಆರ್‌ಎನ್‌ಎ ಮಟ್ಟದ ಆಚೆಯೂ ಯಜಮಾನರಿದ್ದಾರೆ. ಹೊರಗಿನಿಂದ ಪಿಸಿಎಸ್‌ಕೆ9 ಎಂಬ ಪ್ರೋಟೀನು ಅಂಟಿಕೊಂಡು ಅದನ್ನು ಲೈಸೋಸೋಮಿಗೆ ಎಳೆದೊಯ್ಯುತ್ತದೆ. ಒಳಗಿನಿಂದ ಐಡಾಲ್ ಎಂಬ ಕಿಣ್ವ ಅದಕ್ಕೆ ಯುಬಿಕ್ವಿಟಿನ್ ಗುರುತು ಹಚ್ಚಿ ಒಡೆಯಲು ಕಳಿಸುತ್ತದೆ. 2017ರ ಅಧ್ಯಯನ ಅಳೆದದ್ದು ಗೆಡ್ಡೆಯ ಸಂದೇಶವಾಹಕ ಆರ್‌ಎನ್‌ಎಯನ್ನು. ಮಾರಕವಾದ 266 ಮತ್ತು ಮಾರಕವಲ್ಲದ 476 ಪ್ರಕರಣಗಳ ಹೋಲಿಕೆ ಅದು, ಸಣ್ಣದೇನಲ್ಲ. ಎಲ್‌ಡಿಎಲ್‌ಆರ್ ಅತಿ ಹೆಚ್ಚಿದ್ದ ಐದನೇ ಒಂದು ಪಾಲಿನಲ್ಲಿ, ಅತಿ ಕಡಿಮೆ ಇದ್ದ ಪಾಲಿಗೆ ಹೋಲಿಸಿದರೆ, ಮಾರಕವಾಗುವ ಆಡ್ಸ್ ಅನುಪಾತ 0.37, ಅಂದರೆ ಸಂಭವ ಕಡಿಮೆ. ಐಡಾಲ್ ಹೆಚ್ಚಿದ್ದ ಗೆಡ್ಡೆಗಳಲ್ಲಿ ಈ ನಂಟು ಕಾಣಲಿಲ್ಲ. ಆದರೆ ಆರ್‌ಎನ್‌ಎ ಅಂದರೆ ಆ ಕ್ಷಣದ ಆದೇಶ ಅಷ್ಟೇ, ಎಷ್ಟು ಸರಕು ಒಳಗೆ ಬಂತು ಅನ್ನುವ ರಸೀದಿ ಅಲ್ಲ. ಹೊಟ್ಟೆ ತುಂಬಿದ ಕೋಶವೂ ಎಲ್‌ಡಿಎಲ್‌ಆರ್ ಆದೇಶ ಕಡಿಮೆ ಮಾಡುತ್ತದೆ. ಜೊತೆಗೆ ಅರೆದು ತೆಗೆದ ಗೆಡ್ಡೆಯ ತುಣುಕಿನಲ್ಲಿ ಮ್ಯಾಕ್ರೋಫೇಜ್ (ರೋಗನಿರೋಧಕ ಕೋಶ), ಸ್ಟ್ರೋಮಾ (ಆಧಾರ ಅಂಗಾಂಶ) ಎಲ್ಲವೂ ಬೆರೆತಿರುತ್ತವೆ, ಮತ್ತು ಈ ಎರಡೂ ರಿಸೆಪ್ಟರ್ ಮ್ಯಾಕ್ರೋಫೇಜ್‌ನಲ್ಲೂ ಇವೆ.

ನನ್ನ ಅಭಿಪ್ರಾಯ: ಪಿ-ಟೆನ್ ಸ್ಥಿತಿ ನೋಡದೆ ಗೆಡ್ಡೆಗಳನ್ನು ಒಟ್ಟುಗೂಡಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನಿಮ್ಮ ಮೂರೂ ಕೋಶಸಾಲುಗಳಲ್ಲಿ ಪಿ-ಟೆನ್ ಇಲ್ಲ. ಹೋಲಿಕೆಗೆ 22ಆರ್‌ವಿ1 ಮತ್ತು ಡಿಯು145 ಸೇರಿಸಿ, ಅವೆರಡರಲ್ಲೂ ಪಿ-ಟೆನ್ ಪ್ರೋಟೀನು ಇದೆ. ಒಂದರಲ್ಲಿ ಆಂಡ್ರೋಜನ್ ರಿಸೆಪ್ಟರ್ ಇದೆ, ಇನ್ನೊಂದರಲ್ಲಿ ಇಲ್ಲ.

ಮೀಡಿಯಂಮೇಷ್ಟ್ರು

ಲಿಪಿಡ್‌ಲೆಕ್ಕಿಗರು ಯಾಕೆ ಅಂತ ಹೇಳಿದ್ದಾರೆ, ನಾನು ಹೇಗೆ ಅಂತ ಹೇಳ್ತೀನಿ. ಇಂಥ ಪ್ರಯೋಗ ಹಾಳಾಗೋದು ಮುಕ್ಕಾಲು ಪಾಲು ಸೀರಂ ಬಾಟಲಿಯಲ್ಲೇ.

ಇದ್ದಿಲಿನಿಂದ ಶೋಧಿಸಿದ ಸೀರಂ ಸಾಕಾಗಲ್ಲ. ಇದ್ದಿಲು–ಡೆಕ್ಸ್‌ಟ್ರಾನ್ ಸ್ಟೀರಾಯ್ಡ್ ತೆಗೆಯುತ್ತೆ, ಲಿಪೋಪ್ರೋಟೀನನ್ನು (ಎಲ್‌ಡಿಎಲ್, ಎಚ್‌ಡಿಎಲ್‌ನಂಥ ಕಣ) ಬಹುಮಟ್ಟಿಗೆ ಹಾಗೇ ಬಿಡುತ್ತೆ. ಲಿಪೋಪ್ರೋಟೀನ್ ತೆಗೆದ ಸೀರಂನಲ್ಲಿ ಕಥೆ ತಿರುಗುಮುರುಗು: ಕೊಲೆಸ್ಟ್ರಾಲ್ ಹೋಗುತ್ತೆ, ಆಲ್ಬುಮಿನ್‌ಗೆ ಅಂಟಿದ ಸ್ಟೀರಾಯ್ಡ್ ಉಳಿಯುತ್ತೆ. ಹಾಗಾಗಿ ನಾಲ್ಕು ಸ್ಥಿತಿ ಬೇಕು: ಪೂರ್ಣ ಸೀರಂ, ಸ್ಟೀರಾಯ್ಡ್ ಮಾತ್ರ ತೆಗೆದದ್ದು, ಲಿಪೋಪ್ರೋಟೀನ್ ಮಾತ್ರ ತೆಗೆದದ್ದು, ಎರಡೂ ತೆಗೆದದ್ದು. ಒಂದೇ ಲಾಟ್ ಸೀರಂನಿಂದ ನಾಲ್ಕನ್ನೂ ಮಾಡಿ, ಇಲ್ಲದಿದ್ದರೆ ನೀವು ಹೋಲಿಸೋದು ಲಾಟ್‌ಗಳನ್ನೇ.

ಲಿಪೋಪ್ರೋಟೀನ್ ತೆಗೆಯಲು ಪೊಟ್ಯಾಸಿಯಂ ಬ್ರೋಮೈಡ್ ಹಾಕಿ ಸಾಂದ್ರತೆಯನ್ನು 1.21 ಗ್ರಾಂ ಪ್ರತಿ ಮಿಲಿಗೆ ಏರಿಸಿ, ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಸುಮಾರು 48 ಗಂಟೆ ತಿರುಗಿಸಿ, ಮೇಲೆ ತೇಲಿದ ಪದರ ಬಿಟ್ಟು ಕೆಳಗಿನದ್ದನ್ನು ತಗೊಳ್ಳಿ. ಬ್ರೋಮೈಡ್ ಪೂರ್ತಿ ಹೋಗುವ ತನಕ 150 ಮಿಲಿಮೋಲಾರ್ ಉಪ್ಪುನೀರಿನಲ್ಲಿ ಡಯಾಲಿಸಿಸ್, ಕನಿಷ್ಠ ನಾಲ್ಕು ಬದಲಾವಣೆ. ಇಲ್ಲಿ ಅವಸರ ಮಾಡಿದರೆ ಕೋಶ ಸಾಯುತ್ತೆ, ಆಮೇಲೆ "ಕೊಲೆಸ್ಟ್ರಾಲ್ ಇಲ್ಲದೆ ಸತ್ತಿತು" ಅಂತ ಬರೆದುಕೊಂಡುಬಿಡ್ತಾರೆ. ಅಸಲಿಗೆ ಸಾಯಿಸಿದ್ದು ಉಪ್ಪು. ಡಯಾಲಿಸಿಸ್ ಆದಮೇಲೆ ಸೀರಂ ತೆಳುವಾಗಿರುತ್ತೆ, ಪ್ರೋಟೀನ್ ಅಳೆದು ಮೂಲ ಸೀರಂ ಮಟ್ಟಕ್ಕೆ ಸರಿಹೊಂದಿಸಿ. ಕೊಲೆಸ್ಟ್ರಾಲ್ ಅಳೆದು ಮೂಲದ 5 ಶೇಕಡಕ್ಕಿಂತ ಕಡಿಮೆ ಇದೆಯಾ ನೋಡಿ, ಆಮೇಲೆ ಬಳಸಿ.

ಮರಳಿ ಸೇರಿಸುವ ಲಿಪೋಪ್ರೋಟೀನ್ ವಿಷಯದಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಎಲ್‌ಡಿಎಲ್ 50 ಮೈಕ್ರೋಗ್ರಾಂ, ಎಚ್‌ಡಿಎಲ್ 50 ಮೈಕ್ರೋಗ್ರಾಂ ಪ್ರತಿ ಮಿಲಿಗೆ ಅಂತ ಹಾಕ್ತಾರೆ, ಅಳತೆ ಪ್ರೋಟೀನಿನ ಲೆಕ್ಕದಲ್ಲಿ. ಎಲ್‌ಡಿಎಲ್ ತೂಕದಲ್ಲಿ ಪ್ರೋಟೀನ್ ಐದನೇ ಒಂದು ಭಾಗದಷ್ಟು, ಎಚ್‌ಡಿಎಲ್‌ನಲ್ಲಿ ಹತ್ತಿರ ಹತ್ತಿರ ಅರ್ಧ. ಅಂದರೆ ಪ್ರೋಟೀನ್ ಸಮ ಮಾಡಿದಾಗ ಎಲ್‌ಡಿಎಲ್ ತಟ್ಟೆಗೆ ಸುಮಾರು ಐದು ಪಟ್ಟು ಹೆಚ್ಚು ಕೊಲೆಸ್ಟ್ರಾಲ್ ಬಿದ್ದಿರುತ್ತೆ. ಎರಡು ದಾರಿ ಹೋಲಿಸಬೇಕಾದರೆ ಕೊಲೆಸ್ಟ್ರಾಲ್ ಲೆಕ್ಕದಲ್ಲೇ ಸಮ ಮಾಡಿ, ಪ್ರೋಟೀನ್ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಡಿ. ಎಲ್‌ಡಿಎಲ್ ಫ್ರೀಜ್ ಮಾಡಬೇಡಿ, ಕಣ ಒಡೆಯುತ್ತೆ. 4 ಡಿಗ್ರಿಯಲ್ಲಿ ಕತ್ತಲಲ್ಲಿ ಇಡಿ. ಉತ್ಕರ್ಷಣೆ ತಡೆಯಲು ಇಡಿಟಿಎ ಹಾಕಿರ್ತಾರೆ, ಬಳಸುವ ಮುಂಚೆ ಅದನ್ನು ಡಯಾಲಿಸಿಸ್‌ನಲ್ಲಿ ತೆಗೀಬೇಕು, ಯಾಕೆಂದರೆ ಎಲ್‌ಡಿಎಲ್‌ಆರ್‌ಗೆ ಕಣ ಹಿಡಿಯಲು ಕ್ಯಾಲ್ಸಿಯಂ ಬೇಕು. ಎಸ್‌ಆರ್-ಬಿ1ಗೆ ಬೇಕಿಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಅದನ್ನೇ ಪರೀಕ್ಷೆಯಾಗಿ ಬಳಸಬಹುದು.

ಹೀರಿಕೆ ಅಳೆಯಲು ಡಿಐಐ ಬಣ್ಣ ಹಾಕಿದ ಎಲ್‌ಡಿಎಲ್ 5ರಿಂದ 10 ಮೈಕ್ರೋಗ್ರಾಂ ಪ್ರತಿ ಮಿಲಿ, 37 ಡಿಗ್ರಿಯಲ್ಲಿ 2ರಿಂದ 4 ಗಂಟೆ. ಪಕ್ಕದಲ್ಲಿ ಎರಡು ಕಂಟ್ರೋಲ್ ಕಡ್ಡಾಯ: 4 ಡಿಗ್ರಿಯಲ್ಲಿ ಇಟ್ಟ ತಟ್ಟೆ, ಅಲ್ಲಿ ಅಂಟುತ್ತೆ, ಒಳಗೆ ಹೋಗಲ್ಲ, ಮತ್ತು 20ರಿಂದ 50 ಪಟ್ಟು ಬಣ್ಣವಿಲ್ಲದ ಎಲ್‌ಡಿಎಲ್ ಹಾಕಿದ ತಟ್ಟೆ. ಮೇಲ್ಮೈಗೆ ಅಂಟಿದ್ದನ್ನು ತೊಳೆಯಲು ಹೆಪಾರಿನ್ 10 ಮಿಲಿಗ್ರಾಂ ಪ್ರತಿ ಮಿಲಿ. ಎಲ್‌ಡಿಎಲ್‌ಆರ್ ತಗ್ಗಿಸಿದ ಮೇಲೂ ಸ್ವಲ್ಪ ಹೀರಿಕೆ ಉಳಿದರೆ ಎಸ್‌ಐಆರ್‌ಎನ್‌ಎಯನ್ನು ಬಯ್ಯಬೇಡಿ. ಎಸ್‌ಆರ್-ಬಿ1 ಎಲ್‌ಡಿಎಲ್ ಅನ್ನೂ ಹಿಡಿಯುತ್ತೆ. ಕೊಲೆಸ್ಟ್ರಾಲ್ ಮಾತ್ರ ಜಾರಿಸಿಕೊಂಡಿದ್ದಾ, ಕಣವೇ ಒಳಗೆ ಹೋಯಿತಾ ಅನ್ನೋದಕ್ಕೆ ಡಿಐಐ ಒಂದೇ ಸಾಲದು. ಕಣದ ಪ್ರೋಟೀನಿಗೆ ಒಂದು ಗುರುತು, ಎಸ್ಟರ್‌ಗೆ ಇನ್ನೊಂದು ಗುರುತು ಹಾಕಬೇಕು. ಎಸ್ಟರ್ ಬದಲಿಗೆ ಮುರಿಯದ ಈಥರ್ ರೂಪ, ಟ್ರಿಟಿಯಂ ಗುರುತಿನ ಕೊಲೆಸ್ಟೆರಿಲ್ ಓಲೀಲ್ ಈಥರ್, ಬಳಸಿದರೆ ಒಳಗೆ ಬಂದದ್ದು ಒಳಗೇ ಉಳಿಯುತ್ತೆ. ಎಸ್ಟರ್ ಎಣಿಕೆಯಿಂದ ಪ್ರೋಟೀನ್ ಎಣಿಕೆ ಕಳೆದರೆ ಆಯ್ದ ಹೀರಿಕೆ ಎಷ್ಟು ಅಂತ ಸಿಗುತ್ತೆ.

ವೆಸ್ಟರ್ನ್ ಬಗ್ಗೆ: ಎಲ್‌ಡಿಎಲ್‌ಆರ್ ಪಕ್ವ ರೂಪ ಸುಮಾರು 160 ಕಿಲೋಡಾಲ್ಟನ್, ಪೂರ್ವರೂಪ 120ರ ಹತ್ತಿರ. ಕೆಳಗಿನ ಬ್ಯಾಂಡ್ ಮಾತ್ರ ಏರಿದರೆ ಮೇಲ್ಮೈಗೆ ಏನೂ ತಲುಪಿಲ್ಲ ಅಂತ. ಎಸ್‌ಆರ್-ಬಿ1 ಲೆಕ್ಕದ ಪ್ರಕಾರ 57 ಇರಬೇಕು, ಸಕ್ಕರೆ ಸರಪಳಿ ಅಂಟಿರೋದರಿಂದ 82ರ ಆಸುಪಾಸು ಓಡುತ್ತೆ. ಪೊರೆಯ ಪ್ರೋಟೀನು, 95 ಡಿಗ್ರಿಯಲ್ಲಿ ಕುದಿಸಿದರೆ ಗಂಟುಗಟ್ಟಿ ಬಾವಿಯಲ್ಲೇ ಕೂರಬಹುದು. 37 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು. ಇದರ ಇನ್ನೊಂದು ಸ್ಪ್ಲೈಸ್ ರೂಪ (ಅದೇ ಜೀನಿನಿಂದ ಬರುವ ಬೇರೆ ರೂಪ) ಎಸ್‌ಆರ್-ಬಿ2ರ ಬಾಲ ಬೇರೆ, ಬಾಲ ಗುರುತಿಸುವ ಆಂಟಿಬಾಡಿ ಅದನ್ನು ಕಾಣಲ್ಲ. ಎಸ್‌ಐಆರ್‌ಎನ್‌ಎ ಎರಡನ್ನೂ ಹೊಡೆಯುತ್ತಾ, ಆಂಟಿಬಾಡಿ ಎರಡನ್ನೂ ನೋಡುತ್ತಾ ಅಂತ ಮೊದಲೇ ಪರೀಕ್ಷಿಸಿ. ಮೇಲ್ಮೈ ಎಲ್‌ಡಿಎಲ್‌ಆರ್ ಅನ್ನು ಫ್ಲೋ ಸೈಟೋಮೆಟ್ರಿಯಲ್ಲಿ ಎಣಿಸೋದಾದರೆ ಟ್ರಿಪ್ಸಿನ್ ಬೇಡ, ರಿಸೆಪ್ಟರಿನ ಹೊರಭಾಗವನ್ನೇ ಕತ್ತರಿಸಿಬಿಡುತ್ತೆ. ಬರೀ ಇಡಿಟಿಎಯಲ್ಲಿ ಬಿಡಿಸಿ. ಎಲ್‌ಎನ್‌ಕ್ಯಾಪ್ ಹೇಗೂ ತಟ್ಟೆ ಹಿಡಿಯೋದು ಕಮ್ಮಿ, ತೊಳೆಯುವಾಗಲೇ ಎದ್ದು ಹೋಗುತ್ತೆ, ಪಾಲಿಲೈಸಿನ್ ಬಳಿದ ತಟ್ಟೆ ಬಳಸಿ.

ಕಡಿವಾಣ ಇದೆಯಾ ಇಲ್ಲವಾ ಅನ್ನೋ ಪರೀಕ್ಷೆ ಹಳೆಯದು, ಇವತ್ತಿಗೂ ಚೆನ್ನ. ಲಿಪೋಪ್ರೋಟೀನ್ ಇಲ್ಲದ ಸೀರಂನಲ್ಲಿ 16ರಿಂದ 24 ಗಂಟೆ ಹಸಿವು, ಆಮೇಲೆ ಒಂದು ಗುಂಪಿಗೆ 25-ಹೈಡ್ರಾಕ್ಸಿಕೊಲೆಸ್ಟ್ರಾಲ್ 1 ಮೈಕ್ರೋಗ್ರಾಂ ಮತ್ತು ಕೊಲೆಸ್ಟ್ರಾಲ್ 10 ಮೈಕ್ರೋಗ್ರಾಂ ಪ್ರತಿ ಮಿಲಿ. ಎಲ್‌ಡಿಎಲ್‌ಆರ್ ಬಿದ್ದರೆ ಕಡಿವಾಣ ಇದೆ. 25-ಹೈಡ್ರಾಕ್ಸಿ ಎಲ್‌ಎಕ್ಸ್‌ಆರ್ ಅನ್ನೋ ಇನ್ನೊಂದು ನಿಯಂತ್ರಕವನ್ನೂ ಎಬ್ಬಿಸಿ ಐಡಾಲ್ ಏರಿಸುತ್ತೆ, ಹಾಗಾಗಿ ಪ್ರೋಟೀನ್ ಬಿತ್ತು ಆರ್‌ಎನ್‌ಎ ಬೀಳಲಿಲ್ಲ ಅಂದರೆ ಅದು ಎಸ್‌ಆರ್‌ಇಬಿಪಿ ಕಡಿವಾಣ ಅಲ್ಲ. ಬರೀ ಎಲ್‌ಡಿಎಲ್ ಕೊಟ್ಟ ಗುಂಪು ಒಂದಿರಲಿ. ನ್ಯೂಕ್ಲಿಯಸ್ಸಿನ ಎಸ್‌ಆರ್‌ಇಬಿಪಿ2 ನೋಡಬೇಕಾದರೆ ಕೊಯ್ಲಿಗೆ ಮುಂಚೆ ಎಎಲ್‌ಎಲ್‌ಎನ್ (ಪ್ರೋಟೀನ್ ಒಡೆಯೋದನ್ನು ತಡೆಯುವ ಮದ್ದು) 25 ಮೈಕ್ರೋಗ್ರಾಂ ಪ್ರತಿ ಮಿಲಿ ಹಾಕಿ, ಇಲ್ಲದಿದ್ದರೆ ಕತ್ತರಿಸಿದ ತುಂಡು ಕೈಗೆ ಸಿಗುವ ಮುಂಚೆ ಕರಗಿಹೋಗಿರುತ್ತೆ.

ಕೊನೆಗೆ ಬಣ್ಣಗಳು. ಫಿಲಿಪಿನ್ ಮುಕ್ತ ಕೊಲೆಸ್ಟ್ರಾಲ್ ಮಾತ್ರ ತೋರಿಸುತ್ತೆ, ಎಸ್ಟರ್ ಅಲ್ಲ. 50 ಮೈಕ್ರೋಗ್ರಾಂ ಪ್ರತಿ ಮಿಲಿ, ಕತ್ತಲಲ್ಲಿ 1ರಿಂದ 2 ಗಂಟೆ. ಟ್ರೈಟನ್ನೋ ಮೆಥನಾಲ್ಲೋ ಹಾಕಿದಿರೋ, ಅಳೆಯಬೇಕಾದ ಕೊಲೆಸ್ಟ್ರಾಲೇ ತೊಳೆದುಹೋಯಿತು. ಬೆಳಕಿಗೆ ನಿಮಿಷದೊಳಗೆ ಮಾಸುತ್ತೆ, ಅದಕ್ಕೇ ಫೋಕಸ್ ಬೇರೆ ಚಾನೆಲ್‌ನಲ್ಲಿ ಮಾಡಿ. ಬಾಡಿಪಿ 493/503 ಹನಿ ತೋರಿಸುತ್ತೆ, ಒಳಗಿರೋದು ಟ್ರೈಗ್ಲಿಸರೈಡೋ ಎಸ್ಟರೋ ಹೇಳಲ್ಲ. ಅದಕ್ಕೆ ಎಸ್ಟರೇಸ್ ಹಾಕಿ ಮತ್ತು ಹಾಕದೆ ಎರಡು ಸಲ ಕೊಲೆಸ್ಟ್ರಾಲ್ ಅಳೆದು ವ್ಯತ್ಯಾಸ ತಗೊಳ್ಳಿ.

ಹೊಸಪೈಪೆಟ್

ಪ್ರೋಟೀನ್ ಲೆಕ್ಕ–ಕೊಲೆಸ್ಟ್ರಾಲ್ ಲೆಕ್ಕದ ವಿಚಾರ ಯೋಜನೆಯಲ್ಲಿ ಇರಲೇ ಇಲ್ಲ, ಸೇರಿಸುತ್ತೇನೆ. ಇನ್ನೆರಡು ಸಂದೇಹ. ಎಸ್‌ಆರ್-ಬಿ1 ತಡೆಯಲು ಬಿಎಲ್‌ಟಿ-1 ಅಥವಾ ಐಟಿಎಕ್ಸ್5061 ಬಳಸಬಹುದಾ? ಮತ್ತು ಒಳಗಿನ ತಯಾರಿ ನಿಲ್ಲಿಸಲು ಸಿಮ್ವಾಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮದ್ದು) 10 ಮೈಕ್ರೋಮೋಲಾರ್ ಅಂತ ಬರೆದಿದ್ದೆ. ರೋಗಿಗಳಲ್ಲಿ ಸ್ಟ್ಯಾಟಿನ್ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಹುದಾ?

ಗುಳಿಗೆಲೆಕ್ಕ

ಸಂಬಂಧ ಕಲ್ಪಿಸಬೇಡಿ, ಆ ಪ್ರಮಾಣದಲ್ಲಂತೂ ಬೇಡವೇ ಬೇಡ. ಗುಳಿಗೆ ನುಂಗಿದವರ ರಕ್ತದಲ್ಲಿ ಸ್ಟ್ಯಾಟಿನ್ ಇರುವುದು ನ್ಯಾನೋಮೋಲಾರ್ ಮಟ್ಟದಲ್ಲಿ. 10 ಮೈಕ್ರೋಮೋಲಾರ್ ಅದರ ನೂರಾರು ಪಟ್ಟು. ಅಷ್ಟು ಹಾಕಿದರೆ ಕೋಶ ಸಾಯುವುದು ಹೆಚ್ಚಾಗಿ ಕೊಲೆಸ್ಟ್ರಾಲ್ ಕೊರತೆಯಿಂದಲ್ಲ, ಕೊಲೆಸ್ಟ್ರಾಲ್ ತಯಾರಿಯ ಮೆವಲೊನೇಟ್ ದಾರಿಯಲ್ಲೇ ತಯಾರಾಗುವ ಜೆರನೈಲ್‌ಜೆರನೈಲ್ ಗುಂಪು ಸಿಗದೆ ರೋ, ರ‍್ಯಾಕ್‌ನಂಥ ಪ್ರೋಟೀನುಗಳು ಪೊರೆ ಸೇರಲಾಗದೆ. ಬೇರ್ಪಡಿಸುವುದು ಸುಲಭ. ಒಂದು ತಟ್ಟೆಗೆ ಮೆವಲೊನೇಟ್ 100 ಮೈಕ್ರೋಮೋಲಾರ್, ಇನ್ನೊಂದಕ್ಕೆ ಜೆರನೈಲ್‌ಜೆರನಿಯಾಲ್ 10 ಮೈಕ್ರೋಮೋಲಾರ್, ಮತ್ತೊಂದಕ್ಕೆ ಎಲ್‌ಡಿಎಲ್. ಜೆರನೈಲ್‌ಜೆರನಿಯಾಲ್ ಬದುಕಿಸಿ ಎಲ್‌ಡಿಎಲ್ ಬದುಕಿಸದಿದ್ದರೆ ಅದು ಕೊಲೆಸ್ಟ್ರಾಲ್ ಕಥೆಯೇ ಅಲ್ಲ. ಸಿಮ್ವಾಸ್ಟ್ಯಾಟಿನ್ ಲ್ಯಾಕ್ಟೋನ್ ರೂಪದಲ್ಲಿ ಬರುತ್ತದೆ, ಕ್ಷಾರದಲ್ಲಿ ಉಂಗುರ ಬಿಡಿಸಿ, ಪಿಎಚ್ ಸರಿಮಾಡಿಯೇ ಬಳಸಿ. ಇದಕ್ಕಿಂತ ಮುಖ್ಯವಾದದ್ದು: ಸ್ಟ್ಯಾಟಿನ್ ಎಲ್‌ಡಿಎಲ್‌ಆರ್ ಅನ್ನು ಏರಿಸುತ್ತದೆ, ಯಕೃತ್ತಿನಲ್ಲಿ ಅದರ ಕೆಲಸವೇ ಅದು. ಪೂರ್ಣ ಸೀರಂನಲ್ಲಿ ಸ್ಟ್ಯಾಟಿನ್ ಹಾಕಿದರೆ ನೀವು ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ಅಗಲ ಮಾಡಿದಿರಿ.

ತಡೆಮದ್ದುಗಳ ಬಗ್ಗೆ. ಬಿಎಲ್‌ಟಿ-1 ಥಯೋಸೆಮಿಕಾರ್ಬಜೋನ್ ಗುಂಪಿನದು, ಲೋಹದ ಅಯಾನು ಹಿಡಿಯುವ ಗುಣ ಆ ಗುಂಪಿನ ಹುಟ್ಟುಗುಣ. ದಿನಗಟ್ಟಲೆಯ ಬೆಳವಣಿಗೆ ಪ್ರಯೋಗಕ್ಕೆ ಅದು ತಕ್ಕದ್ದಲ್ಲ, ಗಂಟೆಗಳ ಹೀರಿಕೆ ಪ್ರಯೋಗಕ್ಕೆ ಆಗಬಹುದು. ಐಟಿಎಕ್ಸ್5061 ಮೂಲದಲ್ಲಿ ಪಿ38 ಕೈನೇಸ್ ತಡೆಮದ್ದು, ಆಮೇಲೆ ಹೆಪಟೈಟಿಸ್ ಸಿ ವೈರಸ್ಸಿನ ಪ್ರವೇಶ ತಡೆಯಲು ಪರೀಕ್ಷೆಗೊಳಗಾಯಿತು. ಪಿ38 ಮಾತ್ರ ತಡೆಯುವ ಮದ್ದೊಂದು ಪಕ್ಕದಲ್ಲಿರಲಿ. ಯಾವುದನ್ನು ಬಳಸಿದರೂ, ಎಸ್‌ಆರ್-ಬಿ1 ತಗ್ಗಿಸಿದ ಕೋಶದಲ್ಲೂ ಮದ್ದು ಅಷ್ಟೇ ಕೆಲಸ ಮಾಡಿದರೆ ಅದರ ಗುರಿ ಬೇರೆ ಎಂದು ಅರ್ಥ. ಎಸ್‌ಒಎಟಿ1ಗೆ ಅವಾಸಿಮೈಬ್ ಬಳಸುವವರಿಗೂ ಇದೇ ಎಚ್ಚರಿಕೆ: ಅದು ಪಿಎಕ್ಸ್‌ಆರ್ (ಮದ್ದು ಕರಗಿಸುವ ಕಿಣ್ವಗಳನ್ನು ಏರಿಸುವ ರಿಸೆಪ್ಟರ್) ಎಬ್ಬಿಸುತ್ತದೆ, ರಚನೆಯಲ್ಲಿ ಬೇರೆಯಾದ ಎರಡನೇ ಮದ್ದಿನಿಂದ ದೃಢಪಡಿಸಬೇಕು.

ರೋಗಿಗಳ ವಿಚಾರ. 2015ರಲ್ಲಿ ಆಂಡ್ರೋಜನ್ ತಡೆ ಚಿಕಿತ್ಸೆ ಶುರುವಾದ 926 ಮಂದಿಯನ್ನು ನೋಡಿದಾಗ, ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ರೋಗ ಮುಂದುವರಿಯಲು ಮಧ್ಯಮ ಅವಧಿ 27.5 ತಿಂಗಳು, ಉಳಿದವರಲ್ಲಿ 17.4. ಆದರೆ ಆ ತಂಡವೇ ಕೊಟ್ಟ ವಿವರಣೆ ಕೊಲೆಸ್ಟ್ರಾಲ್ ರಿಸೆಪ್ಟರ್ ಅಲ್ಲ. ಡಿಎಚ್‌ಇಎ ಸಲ್ಫೇಟ್ (ಆಂಡ್ರೋಜನ್ ತಯಾರಿಯ ಕಚ್ಚಾವಸ್ತು) ಕೋಶದೊಳಗೆ ಹೋಗುವ ಎಸ್‌ಎಲ್‌ಸಿಒ2ಬಿ1 ಸಾಗಣೆದಾರನನ್ನೇ ಸ್ಟ್ಯಾಟಿನ್ ಆಕ್ರಮಿಸಿಕೊಳ್ಳುತ್ತದೆ ಅನ್ನುವುದು ಅದು. ಮೇಲಾಗಿ ಇದು ವೀಕ್ಷಣಾ ಅಧ್ಯಯನ, ಸ್ಟ್ಯಾಟಿನ್ ಪಡೆಯುವವರು ಬೇರೆ ರೀತಿಯಲ್ಲೂ ಬೇರೆಯೇ ಇರಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಅಟೋರ್ವಾಸ್ಟ್ಯಾಟಿನ್ 80 ಮಿಲಿಗ್ರಾಂ ಕೊಟ್ಟ ಯಾದೃಚ್ಛಿಕ ಪ್ರಯೋಗದಲ್ಲಿ ಒಟ್ಟಾರೆ ಕೆಐ-67 (ಕೋಶ ವಿಭಜನೆಯ ಗುರುತು) ವ್ಯತ್ಯಾಸ ಕಾಣಲಿಲ್ಲ. ಸ್ಟ್ಯಾಟಿನ್ ಶುರುವಾದ ಮೇಲೆ ಪಿಎಸ್‌ಎ (ರಕ್ತದಲ್ಲಿ ಅಳೆಯುವ ಪ್ರಾಸ್ಟೇಟ್ ಪ್ರೋಟೀನು) ಸ್ವಲ್ಪ ಇಳಿಯುವುದೂ ಗೊತ್ತಿರುವ ಸಂಗತಿ, 2008ರ ವರದಿಯಲ್ಲಿ ಮಧ್ಯಮ ಇಳಿಕೆ 4.1 ಶೇಕಡ. ಪಿಎಸ್‌ಎ ಇಳಿದ ಮಾತ್ರಕ್ಕೆ ಗೆಡ್ಡೆ ಕುಗ್ಗಿತು ಎನ್ನಲಾಗದು.

ಇದನ್ನು ಓದುವ ರೋಗಿಗಳೋ ಮನೆಯವರೋ ಇದ್ದರೆ ಒಂದು ಮಾತು: ಸ್ಟ್ಯಾಟಿನ್ ಬೇಕೋ ಬೇಡವೋ ಎಂಬ ತೀರ್ಮಾನ ಹೃದಯ ಮತ್ತು ರಕ್ತನಾಳದ ಅಪಾಯ ನೋಡಿ ಆಗಬೇಕಾದದ್ದು. ಆಂಡ್ರೋಜನ್ ತಡೆ ಚಿಕಿತ್ಸೆಯಲ್ಲಿ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಎರಡೂ ಏರುವುದರಿಂದ ಆ ಪ್ರಶ್ನೆ ಹೇಗೂ ಎದ್ದೇ ಏಳುತ್ತದೆ. ಮದ್ದುಗಳ ಜಗಳ ಇಲ್ಲಿ ನಿಜವಾದ ಸಮಸ್ಯೆ. ಆಂಡ್ರೋಜನ್ ರಿಸೆಪ್ಟರ್ ತಡೆಯುವ ಡಾರೊಲುಟಮೈಡ್ ಜೊತೆ ರೋಸುವಾಸ್ಟ್ಯಾಟಿನ್ ರಕ್ತದಲ್ಲಿ ಸುಮಾರು 5 ಪಟ್ಟು ಏರುತ್ತದೆ, ಸ್ನಾಯು ನೋವು, ಕಂದು ಮೂತ್ರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಅದೇ ಗುಂಪಿನ ಎನ್ಜಾಲುಟಮೈಡ್, ಅಪಲುಟಮೈಡ್ ಎರಡೂ ಮದ್ದು ಕರಗಿಸುವ ಸಿವೈಪಿ3ಎ4 ಕಿಣ್ವವನ್ನು ಬಲವಾಗಿ ಏರಿಸುತ್ತವೆ, ಸಿಮ್ವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ಮಟ್ಟ ಬೀಳುತ್ತದೆ. ಪ್ರಮಾಣ ಬದಲಿಸುವ ಕೆಲಸ ಚಿಕಿತ್ಸೆ ಕೊಡುವವರದ್ದು, ತಾವಾಗಿ ಮಾಡಿಕೊಳ್ಳುವಂಥದ್ದಲ್ಲ.

ತಕರಾರು

ಲಿಪಿಡ್‌ಲೆಕ್ಕಿಗರ ಒಂದು ಮಾತಿಗೆ ಒಪ್ಪಿಗೆಯಿಲ್ಲ. "ಹೊಟ್ಟೆ ತುಂಬಿದ ಕೋಶ ಎಲ್‌ಡಿಎಲ್‌ಆರ್ ಇಳಿಸುತ್ತದೆ" ಅನ್ನುವುದರಿಂದ 2017ರ ಫಲಿತಾಂಶ ಬಗೆಹರಿಯುವುದಿಲ್ಲ. ಅದೇ ಗೆಡ್ಡೆಗಳಲ್ಲಿ ಕೊಲೆಸ್ಟ್ರಾಲ್ ತಯಾರಿಯ ಕಿಣ್ವ ಸ್ಕ್ವಾಲೀನ್ ಮಾನೋಆಕ್ಸಿಜಿನೇಸ್, ಅಂದರೆ ಎಸ್‌ಕ್ಯೂಎಲ್‌ಇ, ಹೆಚ್ಚಿತ್ತು. ಅದೂ ಎಸ್‌ಆರ್‌ಇಬಿಪಿ2 ಜೀನೇ. ಹೊಟ್ಟೆ ತುಂಬಿದ್ದರೆ ಎರಡೂ ಇಳಿಯಬೇಕಿತ್ತು. ಒಂದು ಏರಿ ಇನ್ನೊಂದು ಇಳಿದಿದೆ ಎಂದರೆ ಕಡಿವಾಣದ ಆಚೆಗೆ ಇನ್ನೇನೋ ನಡೆದಿದೆ. ಆ ಗೆಡ್ಡೆಗಳು ಕೊಳ್ಳುವುದನ್ನು ಬಿಟ್ಟು ಮನೆಯಲ್ಲೇ ತಯಾರಿಸಲು ಹೊರಟಿವೆ ಅನ್ನುವ ನೇರ ಅರ್ಥವನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ಎಸ್‌ಒಎಟಿ1 ಕೂಡ ಕಡಿಮೆಯಿತ್ತು, ಅದು 2014ರ ಎಸ್ಟರ್ ಕಥೆಗೆ ನೇರ ಎದುರು.

ಇನ್ನು ಎಸ್‌ಆರ್-ಬಿ1 ಎಂದಕೂಡಲೇ "ಗೆಡ್ಡೆ ತಾನೇ ಟೆಸ್ಟೋಸ್ಟೆರಾನ್ ಮಾಡಿಕೊಳ್ಳುತ್ತದೆ" ಅನ್ನುವ ಹಾರಿಕೆ. ವೃಷಣ ನಿಂತ ಮೇಲೂ ಅಡ್ರಿನಲ್ ಸುರಿಸುವ ಡಿಎಚ್‌ಇಎ ಸಲ್ಫೇಟ್ ರಕ್ತದಲ್ಲಿ ಮೈಕ್ರೋಮೋಲಾರ್ ಮಟ್ಟದಲ್ಲಿರುತ್ತದೆ. ಅಷ್ಟು ಕಚ್ಚಾವಸ್ತು ಬಾಗಿಲಲ್ಲೇ ಇರುವಾಗ ಕೊಲೆಸ್ಟ್ರಾಲಿನಿಂದ ಶುರುಮಾಡುವ ಹಂಗೇನು? ಕೊಲೆಸ್ಟ್ರಾಲಿನಿಂದ ಶುರುವಾಗಬೇಕಾದರೆ ಕೊಲೆಸ್ಟ್ರಾಲನ್ನು ಮೈಟೋಕಾಂಡ್ರಿಯಾದೊಳಗೆ ಒಯ್ಯುವ ಸ್ಟಾರ್ ಪ್ರೋಟೀನೂ ಅದನ್ನು ಪ್ರೆಗ್ನೆನೊಲೋನ್ ಮಾಡುವ ಸಿವೈಪಿ11ಎ1 ಕಿಣ್ವವೂ ಕೆಲಸ ಮಾಡಬೇಕು. ಮೊದಲು ಅವು ಇವೆಯೇ ತೋರಿಸಿ. ಆಮೇಲೆ ಎಸ್‌ಆರ್-ಬಿ1 ತಗ್ಗಿಸಿದ ಕೋಶಕ್ಕೆ ಒಂದೊಂದೇ ಮೆಟ್ಟಿಲು ಕೊಡಿ: 22ಆರ್-ಹೈಡ್ರಾಕ್ಸಿಕೊಲೆಸ್ಟ್ರಾಲ್ ಸ್ಟಾರ್ ಅನ್ನು ದಾಟಿಸುತ್ತದೆ, ಪ್ರೆಗ್ನೆನೊಲೋನ್ ಎರಡನ್ನೂ ದಾಟಿಸುತ್ತದೆ, ಆರ್1881 ಎಂಬ ಕೃತಕ ಆಂಡ್ರೋಜನ್ ಎಲ್ಲವನ್ನೂ. ಆರ್1881 ಕೊಟ್ಟರೂ ಬೆಳವಣಿಗೆ ವಾಪಸ್ ಬರದಿದ್ದರೆ ಅದು ಸ್ಟೀರಾಯ್ಡ್ ಕಾರಣವಲ್ಲ, ಪೊರೆಗೋ ಸಂಕೇತಕ್ಕೋ ಬೇಕಾದ ಕೊಲೆಸ್ಟ್ರಾಲ್. ಆಂಡ್ರೋಜನ್ ರಿಸೆಪ್ಟರೇ ಇಲ್ಲದ ಪಿಸಿ-3ಯಲ್ಲೂ ಎಸ್‌ಆರ್-ಬಿ1 ತಗ್ಗಿಸಿದಾಗ ಪೆಟ್ಟು ಬಿದ್ದರೆ ಅದೇ ಉತ್ತರ.

ಮೀಡಿಯಂಮೇಷ್ಟ್ರು

ಆರ್1881 ಅಂದಿರಲ್ಲ, ಪ್ರಮಾಣ ನೋಡಿಕೊಂಡು. ಎಲ್‌ಎನ್‌ಕ್ಯಾಪ್ ಬೆಳವಣಿಗೆಯ ರೇಖೆ ಗಂಟೆಯಾಕಾರದ್ದು. 0.1 ನ್ಯಾನೋಮೋಲಾರ್ ಹತ್ತಿರ ತುದಿ ಮುಟ್ಟಿ, 1 ಮತ್ತು ಅದಕ್ಕಿಂತ ಮೇಲೆ ಬೆಳವಣಿಗೆ ತಾನೇ ಕುಗ್ಗುತ್ತೆ, ಪಿಎಸ್‌ಎ ಮಾತ್ರ ಏರುತ್ತಾ ಹೋಗುತ್ತೆ. ರೂಢಿಯಂತೆ 1 ನ್ಯಾನೋಮೋಲಾರ್ ಹಾಕಿ "ಬೆಳವಣಿಗೆ ವಾಪಸ್ ಬರಲಿಲ್ಲ, ಆದ್ದರಿಂದ ಸ್ಟೀರಾಯ್ಡ್ ಅಲ್ಲ" ಅಂದುಬಿಟ್ಟರೆ ಕೆಲಸ ಕೆಟ್ಟಿತು. 0.01ರಿಂದ 10ರ ತನಕ ಐದಾರು ಹಂತ ಇಡಿ. ಇನ್ನೊಂದು, ಎಲ್‌ಎನ್‌ಕ್ಯಾಪ್ ಮತ್ತು ಸಿ4-2ರ ಆಂಡ್ರೋಜನ್ ರಿಸೆಪ್ಟರಿನಲ್ಲಿ ಟಿ877ಎ ರೂಪಾಂತರ (877ನೇ ಅಮೈನೋ ಆಮ್ಲದ ಬದಲಾವಣೆ) ಇದೆ, ಈಗಿನ ಎಣಿಕೆಯಲ್ಲಿ 878. ಅದು ಪ್ರೊಜೆಸ್ಟರೋನ್‌ಗೂ ಎಚ್ಚರಗೊಳ್ಳುತ್ತೆ. ಪ್ರೆಗ್ನೆನೊಲೋನ್ ಕೊಟ್ಟು ಬೆಳೆದರೆ ಟೆಸ್ಟೋಸ್ಟೆರಾನ್ ತನಕ ಹೋಯಿತು ಅಂತ ಅರ್ಥ ಅಲ್ಲ, ದಾರಿಯ ನಡುವಿನ ವಸ್ತುವೇ ಕೆಲಸ ಮುಗಿಸಿರಬಹುದು. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಸ್ಟೀರಾಯ್ಡ್ ಅಳೆಯದೆ ಆ ವಾಕ್ಯ ಬರೆಯಬೇಡಿ.

ಲಿಪಿಡ್‌ಲೆಕ್ಕಿಗ

ತಕರಾರು ಅವರ ಎಸ್‌ಕ್ಯೂಎಲ್‌ಇ ವಾದ ಸರಿ, ನನ್ನ ವಾಕ್ಯ ಸಡಿಲವಾಗಿತ್ತು. ಆದರೆ ಅದರಿಂದ ಪ್ರಯೋಗದ ಕ್ರಮ ಇನ್ನೂ ಸ್ಪಷ್ಟವಾಗುತ್ತದೆ. ಹೊಸಪೈಪೆಟ್ ಅವರೇ, ಎಸ್‌ಐಆರ್‌ಎನ್‌ಎ ಮುಟ್ಟುವ ಮುಂಚೆ ಐದೂ ಕೋಶಸಾಲುಗಳನ್ನು ಮೇಷ್ಟ್ರು ಹೇಳಿದ ನಾಲ್ಕು ಸೀರಂಗಳಲ್ಲಿ 72 ಗಂಟೆ ಬೆಳೆಸಿ ಬರೀ ಎಣಿಸಿ. ಲಿಪೋಪ್ರೋಟೀನ್ ಇಲ್ಲದೆಯೂ ಆರಾಮಾಗಿ ಬೆಳೆಯುವ ಕೋಶ ತಯಾರಿಯ ಮೇಲೆ ನಿಂತಿದೆ, ಅದರಲ್ಲಿ ರಿಸೆಪ್ಟರ್ ತಗ್ಗಿಸಿ ಏನೂ ಕಾಣುವುದಿಲ್ಲ. ಕುಗ್ಗುವ ಕೋಶಕ್ಕೆ ಕೊಲೆಸ್ಟ್ರಾಲ್ ಸಮ ಮಾಡಿದ ಎಲ್‌ಡಿಎಲ್ ಒಮ್ಮೆ, ಎಚ್‌ಡಿಎಲ್ ಒಮ್ಮೆ ಮರಳಿ ಕೊಡಿ. ಯಾವುದು ಎಬ್ಬಿಸುತ್ತದೋ ಆ ಬಾಗಿಲಿನ ಎಸ್‌ಐಆರ್‌ಎನ್‌ಎ ಮೊದಲು ತರಿಸಿ. ತಗ್ಗಿಸಿದ ಮೇಲೆ ಎಸ್‌ಐಆರ್‌ಎನ್‌ಎಗೆ ಸಿಗದ ಹಾಗೆ ಅಕ್ಷರ ಬದಲಿಸಿದ ಜೀನನ್ನು ಮರಳಿ ಹಾಕಿ ಬೆಳವಣಿಗೆ ವಾಪಸ್ ಬರುವುದನ್ನೂ ತೋರಿಸಿ. ವಿಮರ್ಶಕರು ಮೊದಲು ಕೇಳುವುದು ಅದನ್ನೇ.